ನುಣುಪು ಮೈಯ ಮೇಲೊಂದು ಉಬ್ಬು

ಬೇಸಿಗೆಯಲ್ಲಿ ಭೀಮಾ ಹೊಳೆ ಇಳಿದಾಗ ಚೌಡಾಪುರ, ಗಾಣಗಾಪುರದ ಕಡೆಯ ದಂಡೆಯ ಪಂಪ್‌ಸೆಟ್ಟುಗಳು ಒಳಗೆ ಗರಸು ಹೊಕ್ಕಂತೆ ಸದ್ದು ಮಾಡುವುದುಂಟು. ಬಿಚ್ಚಿ ನೋಡಿದರೆ ಗರಸು ಸಿಗುವುದಿಲ್ಲ. ಪಂಪಿನೊಳಗೆ ತಿರುಗುವ ಇಂಪೆಲ್ಲರಿನ ರೆಕ್ಕೆಗಳಲ್ಲಿ, ನೀರು ಒಳಹೊಗುವ ಅಂಚಿನ ಹಿಂದೆ, ಒತ್ತೊತ್ತಾಗಿ ಸಣ್ಣ ಗುಂಡಿಗಳು ಬಿದ್ದಿರುತ್ತವೆ. ಬೆರಳಾಡಿಸಿದರೆ ಚರ್ಮ ಗೀರುವಷ್ಟು ಒರಟು. ಇದು ಕ್ಯಾವಿಟೇಶನ್ನಿನ, ಅಂದರೆ ನೀರಿನೊಳಗೆ ಆವಿಯ ಗುಳ್ಳೆ ಹುಟ್ಟಿ ಕುಸಿಯುವುದರ, ಕೆಲಸ.

ನೀರು ಕುದಿಯಲು ಬೆಂಕಿಯೇ ಬೇಕೆಂದಿಲ್ಲ, ಒತ್ತಡ ಇಳಿದರೂ ಸಾಕು. 30 ಡಿಗ್ರಿ ಸೆಲ್ಸಿಯಸ್‌ನ ನೀರು, ಒತ್ತಡ ವಾಯುಭಾರದ ಇಪ್ಪತ್ತನಾಲ್ಕನೇ ಒಂದು ಪಾಲಿಗೆ ಕುಸಿದರೆ ಅಲ್ಲೇ ಆವಿಯ ಗುಳ್ಳೆಗಳಾಗುತ್ತದೆ. ಹೊಳೆ ಇಳಿದಷ್ಟೂ ಪಂಪು ಹೆಚ್ಚು ಎತ್ತರಕ್ಕೆ ನೀರು ಎಳೆಯಬೇಕು, ಸಕ್ಷನ್ ಬದಿಯ ಒತ್ತಡ ಅಷ್ಟೂ ಇಳಿಯುತ್ತದೆ. ಅಲ್ಲಿ ಹುಟ್ಟಿದ ಗುಳ್ಳೆ ಒತ್ತಡ ಹೆಚ್ಚಿರುವ ಕಡೆ ಸಾಗಿದ ಕೂಡಲೇ ಒಳಮುಖವಾಗಿ ಕುಸಿಯುತ್ತದೆ. ಆ ಕುಸಿತದ ಒತ್ತಡ ಎಷ್ಟು ಭಯಂಕರ ಎಂಬುದನ್ನು ಭೌತವಿಜ್ಞಾನಿ ಲಾರ್ಡ್ ರೇಲೀ 1917ರಲ್ಲೇ ಲೆಕ್ಕ ಹಾಕಿದ್ದರು. ಲೋಹದ ಪಕ್ಕದಲ್ಲಿ ಕುಸಿಯುವ ಗುಳ್ಳೆಯೊಳಗಿಂದ ನೀರಿನ ಸಣ್ಣ ಧಾರೆಯೊಂದು ನೇರ ಲೋಹಕ್ಕೇ ಬಡಿಯುತ್ತದೆ. ಹೀಗೆ ಲಕ್ಷಗಟ್ಟಲೆ ಪೆಟ್ಟು ಬಿದ್ದರೆ ಎರಕದ ಕಬ್ಬಿಣವೂ ಉದುರುತ್ತದೆ.

ಮೇಲ್ಮೈಯ ಒರಟುತನಕ್ಕೆ ಇದರಲ್ಲಿ ದೊಡ್ಡ ಪಾತ್ರವಿದೆ. ಹರಿಯುವ ನೀರಿಗೆ ಒಂದು ಉಬ್ಬು ಅಡ್ಡ ಬಂದರೆ ನೀರು ಅದರ ನೆತ್ತಿಯ ಮೇಲೆ ವೇಗ ಪಡೆದು, ಹಿಂಬದಿಯಲ್ಲಿ ಮೈಬಿಟ್ಟು ಸುಳಿಯಾಗುತ್ತದೆ. ಸುಳಿಯ ನಡುವೆ ಒತ್ತಡ ತೀರಾ ಕಡಿಮೆ, ಗುಳ್ಳೆ ಮೊದಲು ಏಳುವುದು ಅಲ್ಲೇ. ಒರಟು ಮೈಯ ಬಿರುಕುಗಳಲ್ಲಿ ಸಿಕ್ಕಿಕೊಂಡ ಗಾಳಿಯ ಕಣಗಳೂ ಗುಳ್ಳೆಗೆ ಬೀಜವಾಗುತ್ತವೆ. ಭೀಮೆಯ ಮರಳು ರೆಕ್ಕೆಯನ್ನು ಕೆರೆದಷ್ಟೂ ಗುಳ್ಳೆ ಬೇಗ ಏಳುತ್ತದೆ. ಗುಳ್ಳೆ ಕೊರೆದಷ್ಟೂ ಮೈ ಇನ್ನಷ್ಟು ಒರಟಾಗುತ್ತದೆ.

ಆದರೆ ಮೈಯೆಲ್ಲ ಒಂದೇ ಸಮ ಒರಟಾಗಿರುವುದಕ್ಕಿಂತ, ನುಣುಪಾದ ಮೈಯಲ್ಲಿ ಒಂಟಿಯಾಗಿ ನಿಂತ ಉಬ್ಬು ಹೆಚ್ಚು ಅಪಾಯಕಾರಿ. ಎಲ್ಲೆಡೆ ಒರಟಿದ್ದರೆ ಗೋಡೆಗೆ ಹತ್ತಿದ ನೀರಿನ ಪದರ ದಪ್ಪವಾಗಿ ನಿಧಾನಗೊಳ್ಳುತ್ತದೆ, ಒಂದೊಂದು ಉಬ್ಬಿಗೂ ತಾಗುವ ವೇಗ ತಗ್ಗುತ್ತದೆ. ನುಣುಪು ಮೈಯ ಒಂಟಿ ಉಬ್ಬಿಗೆ ಪೂರ್ತಿ ವೇಗವೇ ಬಡಿಯುತ್ತದೆ. 1983ರಲ್ಲಿ ಅಮೆರಿಕದ ಗ್ಲೆನ್ ಕ್ಯಾನ್ಯನ್ ಅಣೆಕಟ್ಟೆಯಲ್ಲಿ ಇದಕ್ಕೆ ದುಬಾರಿ ಸಾಕ್ಷಿ ಸಿಕ್ಕಿತು. ಪ್ರವಾಹದ ನೀರು ಬಿಟ್ಟ ಸುರಂಗದ ಕಾಂಕ್ರೀಟಿನ ಮೇಲೆ ಸುಣ್ಣದ ಸಣ್ಣ ಗಡ್ಡೆಗಳು ಕಟ್ಟಿದ್ದವು. ಹಾನಿ ಶುರುವಾದದ್ದು ಅವುಗಳಿಂದ. ಕೊನೆಗೆ ಕಾಂಕ್ರೀಟು ಕಿತ್ತು, ಕೆಳಗಿನ ಮರಳುಗಲ್ಲಿನಲ್ಲಿ ಸುಮಾರು 11 ಮೀಟರ್ ಆಳದ ಹೊಂಡವೇ ಬಿತ್ತು. ರಿಪೇರಿಯಲ್ಲಿ ಸುರಂಗದ ನೀರಿಗೆ ಗಾಳಿ ಬೆರೆಸುವ ಕಾಲುವೆ ಕಡಿದರು. ಗೋಡೆಯ ಬಳಿಯ ನೀರಲ್ಲಿ ಶೇ. 7-8ರಷ್ಟು ಗಾಳಿಯಿದ್ದರೆ ಕುಸಿತದ ಪೆಟ್ಟು ಮೆತ್ತಗಾಗಿ ಕಾಂಕ್ರೀಟಿಗೆ ಏಟು ಬಹುತೇಕ ತಾಗುವುದಿಲ್ಲ.

ವೇಗ ಹೆಚ್ಚಿದಷ್ಟೂ ಉಬ್ಬಿನ ಹಿಂದೆ ಒತ್ತಡ ಹೆಚ್ಚು ಕುಸಿಯುತ್ತದೆ. 10 ಮೀಟರ್ ಇಳಿದ ನೀರಿನ ವೇಗ ಸೆಕೆಂಡಿಗೆ 14 ಮೀಟರ್, 60 ಮೀಟರ್ ಇಳಿದರೆ 34. ಆದ್ದರಿಂದ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನಂಥ ತಗ್ಗು ಕಟ್ಟೆಗಿಂತ, 101 ಮೀಟರ್ ಎತ್ತರದ ಸೂಪಾದಂಥ ಅಣೆಕಟ್ಟೆಗಳಲ್ಲಿ ಕಾಂಕ್ರೀಟಿನ ಜೋಡಣೆಯ ಮಿಲಿಮೀಟರೂ ಮುಖ್ಯ.

ಒರಟು ಯಾವಾಗಲೂ ಕೆಟ್ಟದ್ದೂ ಅಲ್ಲ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ವಿ.ಎಚ್. ಅರಕೇರಿಯವರು ಸಂಶೋಧಕ ಅಲನ್ ಅಕೋಸ್ಟಾ ಜೊತೆ 1973ರಲ್ಲಿ ಪ್ರಕಟಿಸಿದ ಪ್ರಯೋಗಗಳು ನನಗೆ ಬಹಳ ಇಷ್ಟ. ನುಣುಪಾದ ದುಂಡು ತಲೆಯ ವಸ್ತುವಿನ ಮೇಲೆ ಶಾಂತವಾಗಿ ಹರಿವ ನೀರು ಒಂದೆಡೆ ಮೈಬಿಡುತ್ತದೆ, ಗುಳ್ಳೆ ಹುಟ್ಟುವುದು ಆ ಜಾಗದಲ್ಲೇ ಎಂದು ಅವರು ಕಣ್ಣಿಗೆ ಕಾಣುವಂತೆ ತೋರಿಸಿದರು. ಮೂತಿಯ ಹತ್ತಿರ ತುಸು ಒರಟು ಮಾಡಿ ಪದರವನ್ನು ಮೊದಲೇ ಕಲಕಿದರೆ ನೀರು ಮೈಬಿಡುವುದಿಲ್ಲ, ಗುಳ್ಳೆಯೂ ತಡವಾಗಿ ಏಳುತ್ತದೆ ಎಂಬುದೂ ಮುಂದಿನ ಪ್ರಯೋಗಗಳಲ್ಲಿ ಕಂಡಿತು.

ಹೊಳೆದಂಡೆಯ ಪಂಪಿಗೆ ಇಂಥ ನಾಜೂಕು ಲೆಕ್ಕ ಹತ್ತುವುದಿಲ್ಲ. ಹೊಳೆ ಇಳಿದಂತೆ ಪಂಪನ್ನೂ ನೀರಿನ ಹತ್ತಿರಕ್ಕೆ ಇಳಿಸಬೇಕು. ಸಕ್ಷನ್ ಪೈಪು ಅಗಲವಿದ್ದು, ಬೆಂಡುಗಳು ಕಡಿಮೆಯಿರಬೇಕು, ಫುಟ್‌ವಾಲ್ವಿಗೆ ಕಸ ಕಟ್ಟಿರಬಾರದು. ಗುಂಡಿಬಿದ್ದ ಇಂಪೆಲ್ಲರಿಗೆ ವೆಲ್ಡಿಂಗ್ ಮಾಡಿಸಿದವರು ವೆಲ್ಡಿನ ಉಬ್ಬನ್ನು ಗ್ರೈಂಡರಿನಿಂದ ರೆಕ್ಕೆಯ ಮಟ್ಟಕ್ಕೆ ತಿಕ್ಕಿಸದೆ ಮರಳಿ ಕೂರಿಸಬಾರದು. ಹಾಗೇ ಬಿಟ್ಟರೆ ಮುಂದಿನ ಗುಂಡಿ ಆ ಉಬ್ಬಿನ ಹಿಂದೆಯೇ ಬೀಳುತ್ತದೆ.