ತವರಿಗೆ ಬಂದ ಲೆಕ್ಕದ ಪುಸ್ತಕ

ಕೀನ್ಯಾ ದೇಶದ ರಾಜಧಾನಿ ನೈರೋಬಿಯ ಸಂತೆಯಲ್ಲಿ ಒಬ್ಬ ಹೆಂಗಸು ತರಕಾರಿ ಕೊಂಡು ಮೊಬೈಲ್ ಫೋನಿನ ಮೂಲಕ ಹಣ ಸಲ್ಲಿಸುತ್ತಾಳೆಂದು ಭಾವಿಸೋಣ. ಅವಳಿಗೂ ವ್ಯಾಪಾರಿಗೂ ನಡುವಣ ಅಂತರ ಮೂರೇ ಅಡಿ. ಆದರೆ 2015ಕ್ಕೆ ಮುಂಚೆ ಆ ಹಣದ ಲೆಕ್ಕವು ಬದಲಾಗುತ್ತಿದ್ದುದು ಆರು ಸಾವಿರ ಕಿಲೋಮೀಟರಿಗೂ ದೂರದ ಜರ್ಮನಿಯಲ್ಲಿ! ಇದು ಹೇಗೆ?

ಈ ವ್ಯವಸ್ಥೆಯ ಹೆಸರು ಎಂ-ಪೆಸಾ. ಸ್ವಾಹಿಲಿ ಭಾಷೆಯಲ್ಲಿ ‘ಪೆಸಾ’ ಎಂದರೆ ಹಣ. ಸಫಾರಿಕಾಮ್ ಎಂಬ ದೂರವಾಣಿ ಸಂಸ್ಥೆಯು 2007ರ ಮಾರ್ಚಿಯಲ್ಲಿ ಇದನ್ನು ಆರಂಭಿಸಿತು. ಬ್ಯಾಂಕಿನ ಮೆಟ್ಟಿಲನ್ನೇ ಹತ್ತದವರೂ ಊರಿನ ಏಜೆಂಟನಿಗೆ ನಗದು ಕೊಟ್ಟು, ಅದನ್ನು ಫೋನಿನ ಸಂದೇಶದಿಂದ ಯಾರಿಗೆ ಬೇಕಾದರೂ ಕಳುಹಿಸಬಹುದಾಯಿತು. ಫೋನಿನೊಳಗೆ ಹಣವಿಲ್ಲ, ಇರುವುದು ಅಪ್ಪಣೆ ಮಾತ್ರ. ಯಾರ ಹೆಸರಿನಲ್ಲಿ ಎಷ್ಟಿದೆಯೆಂಬ ಲೆಕ್ಕದ ಪುಸ್ತಕವಿರುವುದು ಸರ್ವರ್ ಎಂಬ ಗಣಕಯಂತ್ರದಲ್ಲಿ. ಯೋಜನೆಯನ್ನು ರೂಪಿಸಿದುದು ಬ್ರಿಟನ್ನಿನ ವೊಡಾಫೋನ್ ಸಂಸ್ಥೆ. ಆದುದರಿಂದ ಪುಸ್ತಕವೂ ಯೂರೋಪಿನಲ್ಲಿದ್ದಿತು.

ದೂರದಿಂದ ತೊಂದರೆಯೇನು? ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರ್ ಓಡುತ್ತದೆ. ಸುತ್ತುಬಳಸಿನ ಹಾದಿ 12,000 ಕಿಲೋಮೀಟರ್ ಎಂದಿಟ್ಟುಕೊಂಡರೂ ಹೋಗಿಬರಲು ಬೇಕಾದುದು ಸೆಕೆಂಡಿನ ಎಂಟನೆಯ ಒಂದು ಪಾಲಿಗಿಂತ ಕಡಮೆ. ಇದನ್ನು ತರಕಾರಿಯವಳು ಗಮನಿಸಲಾರಳು. ನಿಜವಾದ ಕಷ್ಟವಿರುವುದು ಕಾಲದಲ್ಲಲ್ಲ, ಹಾದಿಯಲ್ಲಿ. ಹಾದಿ ಉದ್ದವಾದಷ್ಟೂ ಮುರಿಯಬಹುದಾದ ಕೊಂಡಿಗಳು ಹೆಚ್ಚು. 2012ರ ಫೆಬ್ರವರಿಯಲ್ಲಿ ಮೊಂಬಾಸಾ ಬಂದರಿನ ಬಳಿ ಹಡಗೊಂದು ಇಳಿಬಿಟ್ಟ ಲಂಗರಿಗೆ ಸಿಕ್ಕಿ ಸಮುದ್ರತಳದ ತಂತಿಯೇ ತುಂಡಾಯಿತು. ಔಷಧಕ್ಕೋ ಕೂಲಿಗೋ ಹಣ ಕಾದಿರುವವನಿಗೆ ಇಂಥ ಒಂದು ಗಂಟೆಯ ಅಡಚಣೆಯೂ ದೊಡ್ಡದು.

2015ರ ಏಪ್ರಿಲ್‌ನಲ್ಲಿ ಹೊಸ ಸರ್ವರ್‌ಗಳು ಕೀನ್ಯಾದಲ್ಲಿಯೇ ಕೆಲಸಕ್ಕೆ ತೊಡಗಿದುವು. ಆದರೆ ಇಂಥ ಸ್ಥಳಾಂತರವೆಂದರೆ ಪೆಟ್ಟಿಗೆಯನ್ನು ಎತ್ತಿ ಇನ್ನೊಂದೆಡೆ ಇಡುವಂತಲ್ಲ. ನಕಲು ಮಾಡುತ್ತಿರುವಾಗಲೇ ಪುಸ್ತಕದ ಪುಟಗಳು ಬದಲಾಗುತ್ತಿರುತ್ತವೆ. ಒಬ್ಬನಲ್ಲಿ 500 ಶಿಲಿಂಗ್ ಇದೆಯೆನ್ನೋಣ. ಹಳೆಯದು, ಹೊಸದು ಎರಡೂ ಪುಸ್ತಕಗಳು ಒಟ್ಟಿಗೆ ತೆರೆದಿದ್ದರೆ ಅವನು ಅದೇ ಹಣವನ್ನು ಎರಡು ಸಲ ವೆಚ್ಚಮಾಡಬಹುದು! ಆದುದರಿಂದ ಮೊದಲು ಪೂರ್ಣ ನಕಲನ್ನು ಸಿದ್ಧಪಡಿಸಿ, ಅನಂತರದ ಬದಲಾವಣೆಗಳನ್ನು ಆಗಿಂದಾಗ್ಗೆ ಸೇರಿಸುತ್ತ ಬರಬೇಕು. ಕೊನೆಗೆ ವ್ಯವಹಾರ ವಿರಳವಾದ ರಾತ್ರಿಯ ವೇಳೆ ಸೇವೆಯನ್ನು ನಿಲ್ಲಿಸಿ, ಎರಡೂ ಕಡೆಯ ಮೊತ್ತವನ್ನು ತಾಳೆನೋಡಬೇಕು. ಒಂದು ಶಿಲಿಂಗ್ ವ್ಯತ್ಯಾಸ ಬಂದರೂ ಕಾರಣ ತಿಳಿಯದೆ ಹೊಸ ಬಾಗಿಲನ್ನು ತೆರೆಯಕೂಡದು.

ಮನೆಗೆ ಬಂದಮಾತ್ರಕ್ಕೆ ಅಪಾಯಗಳೆಲ್ಲ ತೀರಿದುವೆ? ಇಲ್ಲ. ಸಮುದ್ರದ ಲಂಗರಿನ ಭಯ ಹೋಯಿತು; ಊರಿನ ವಿದ್ಯುತ್ತು, ಬೆಂಕಿ, ನೆರೆಗಳ ಭಯ ಉಳಿಯಿತು. ಆದ್ದರಿಂದಲೇ ತಜ್ಞರು ಒಂದರಿಂದೊಂದು ದೂರದ ಎರಡು ಕಟ್ಟಡಗಳಲ್ಲಿ ಸರ್ವರ್‌ಗಳನ್ನಿಟ್ಟು, ಒಂದು ಕೆಟ್ಟರೆ ಇನ್ನೊಂದು ಹೊಣೆ ಹೊರುವಂತೆ ಅಣಿಮಾಡುತ್ತಾರೆ. ಲೆಕ್ಕದ ಪುಸ್ತಕವು ಹತ್ತಿರವಿರಬೇಕು, ನಿಜ. ಆದರೆ ಒಂದೇ ಸೂರಿನ ಕೆಳಗಿರಬಾರದು.