ಗೆದ್ದ ದುಡ್ಡಿಗೆ ಕ್ಷಿಪಣಿ

ಕಾರಿನ ಮೂತಿಗೆ ಬಂದೂಕು ಕಟ್ಟುವುದು ಕಷ್ಟದ ಕೆಲಸವೇನಲ್ಲ. ಸಿನಿಮಾದವರು ಕಟ್ಟಿದ್ದರು, ಆಟಿಕೆ ಮಾಡುವವರು ಕಟ್ಟಿದ್ದರು, 1983ರಲ್ಲಿ 'ಸ್ಪೈ ಹಂಟರ್' ಎಂಬ ವಿಡಿಯೊ ಗೇಮ್ ಕೂಡ ಕಟ್ಟಿತ್ತು. ಆ ಗುಂಡಿಗೆ ಕಾಸು ಕೊಡುವವರು ಯಾರು ಎಂದು ಕೇಳಿದ ಆಟಗಳು ಮಾತ್ರ ಕಡಿಮೆ. 1993ರಲ್ಲಿ ಸೂಪರ್ ನಿಂಟೆಂಡೊ ಎಂಬ ಗೇಮ್ ಯಂತ್ರಕ್ಕೆ ಬಂದ 'ರಾಕ್ ಎನ್ ರೋಲ್ ರೇಸಿಂಗ್' ಹಾಗೆ ಕೇಳಿದ ಆಟ. ದೂರದ ಗ್ರಹಗಳ ಮೇಲೆ ನಾಲ್ಕು ಗಾಡಿಗಳು ಒಂದನ್ನೊಂದು ಸುಡುತ್ತಾ ಓಡುತ್ತವೆ. ಆದರೆ ಆಟದ ಜೀವ ಇರುವುದು ಎರಡು ರೇಸ್‌ಗಳ ನಡುವೆ ತೆರೆದುಕೊಳ್ಳುವ ಅಂಗಡಿಯಲ್ಲಿ.

ಇದು ಹುಟ್ಟಿದ್ದು ಏದುಸಿರು ಬಿಟ್ಟ ಇನ್ನೊಂದು ಆಟದ ಬೆನ್ನಿಗೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಅಲೆನ್ ಆಡಮ್, ಮೈಕ್ ಮೋರ್‌ಹೈಮ್, ಫ್ರಾಂಕ್ ಪಿಯರ್ಸ್ ಎಂಬ ಮೂವರು 1991ರ ಫೆಬ್ರವರಿಯಲ್ಲಿ 'ಸಿಲಿಕಾನ್ ಆ್ಯಂಡ್ ಸಿನಾಪ್ಸ್' ಎಂಬ ಪುಟ್ಟ ಕಂಪನಿ ತೆರೆದರು. ಇಂಟರ್‌ಪ್ಲೇ ಎಂಬ ಪ್ರಕಾಶಕರು ಕೊಟ್ಟ ಕೆಲಸದಿಂದ ಹೊಟ್ಟೆ ಹೊರೆಯುತ್ತಿದ್ದ ಕಾಲ. ಅದೇ ವರ್ಷ ಅವರಿಗೆ ಮಾಡಿಕೊಟ್ಟ ಆಟ 'ಆರ್‌ಪಿಎಂ ರೇಸಿಂಗ್'. ಅದರ ಬೇರು ಇನ್ನೂ ಹಿಂದಕ್ಕೆ, 1985ರಲ್ಲಿ ಕಮೊಡೋರ್ 64 ಕಂಪ್ಯೂಟರಿಗೆ ಬಂದ 'ರೇಸಿಂಗ್ ಡಿಸ್ಟ್ರಕ್ಷನ್ ಸೆಟ್'ಗೆ ಹೋಗುತ್ತದೆ. ಅದರಲ್ಲಿ ರಸ್ತೆಯನ್ನು ಆಡುವವರೇ ಜೋಡಿಸಿಕೊಳ್ಳಬಹುದಿತ್ತು, ಹಿಂದೆ ಬರುವವನ ದಾರಿಗೆ ಎಣ್ಣೆ ಚೆಲ್ಲಬಹುದಿತ್ತು, ಯಾವ ಗ್ರಹದ ಗುರುತ್ವಾಕರ್ಷಣೆ ಬೇಕೆಂದೂ ಆರಿಸಬಹುದಿತ್ತು.

ಸೂಪರ್ ನಿಂಟೆಂಡೊ ಸಾಮಾನ್ಯವಾಗಿ 256 ಅಡ್ಡ ಚುಕ್ಕಿ, 224 ಉದ್ದ ಚುಕ್ಕಿಗಳಲ್ಲಿ ಚಿತ್ರ ಬಿಡಿಸುವ ಯಂತ್ರ. 'ಆರ್‌ಪಿಎಂ' ಮಾಡಿದವರು ಅದನ್ನು ಎರಡೂ ಕಡೆ ಇಮ್ಮಡಿ ಮಾಡುವ ಸೌಲಭ್ಯವನ್ನು ಬಳಸಿದರು. ಚಿತ್ರ ಚೊಕ್ಕವಾಯಿತು, ಓಟ ಕುಂಟಿತು. ಗೆರೆ ಎಷ್ಟು ಸಪೂರವಾಗಿದ್ದರೇನು, ರೇಸ್ ಕಾರು ತೆವಳಿದರೆ ಯಾರು ಆಡುತ್ತಾರೆ? ಮುಂದಿನ ಆಟಕ್ಕೆ ಅವರು ಈ ಅಂದದ ಹುಚ್ಚು ಬಿಟ್ಟು ಮಾಮೂಲಿ ಚುಕ್ಕಿಗೆ ಮರಳಿದರು. ಬಣ್ಣ ಗಾಢವಾಯಿತು, ಗಾಡಿಗಳು ದಪ್ಪಗಾದವು, ವೇಗ ಬಂತು. ಬಿಟ್ಟದ್ದರಿಂದಲೇ ಆಟ ಬದುಕಿತು ಎಂಬುದು ನನ್ನ ಅಭಿಪ್ರಾಯ.

ನೋಟ ಮಾತ್ರ ಹಳೆಯದೇ ಉಳಿಯಿತು: ರಸ್ತೆಯನ್ನು ಮಹಡಿಯ ಮೂಲೆಯಿಂದ ಬಗ್ಗಿ ನೋಡಿದಂತೆ ಓರೆಯಾಗಿ ತೋರಿಸುವುದು. ರೇರ್ ಕಂಪನಿಯ 'ಆರ್‌.ಸಿ. ಪ್ರೊ-ಆ್ಯಮ್' 1988ರಲ್ಲೇ ಇಂಥ ನೋಟದಲ್ಲಿ ಪುಟಾಣಿ ಕಾರುಗಳಿಗೆ ಕ್ಷಿಪಣಿ ಕೊಟ್ಟಿತ್ತು. ಇದರಲ್ಲೊಂದು ಪೀಕಲಾಟವಿದೆ. ಗಾಡಿ ನಮ್ಮಿಂದ ದೂರ ಹೋಗುವಾಗ ಎಡಗುಂಡಿ ಒತ್ತಿದರೆ ಎಡಕ್ಕೇ ತಿರುಗುತ್ತದೆ. ಅದೇ ಗಾಡಿ ನಮ್ಮ ಕಡೆಗೆ ಬರುವಾಗ ಅದರ ಎಡ ನಮಗೆ ಬಲ. ಹೊಸಬರು ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದುವುದು ಇದೇ ಕಾರಣಕ್ಕೆ.

ಇನ್ನು ಅಂಗಡಿಗೆ ಬರೋಣ. ರೇಸ್ ಮುಗಿದ ಮೇಲೆ ಬಂದ ಸ್ಥಾನಕ್ಕೆ ತಕ್ಕ ಹಣ, ತಕ್ಕ ಅಂಕ. ರಸ್ತೆಯ ಮೇಲೆ ಬಿದ್ದಿರುವ ಹಣವನ್ನೂ ಬಾಚಿಕೊಳ್ಳಬಹುದು. ಆ ದುಡ್ಡಿಗೆ ಎಂಜಿನ್, ಟೈರು, ಶಾಕ್ ಅಬ್ಸಾರ್ಬರ್, ಕವಚ. ಮಿಕ್ಕಿದರೆ ಮುಂದಿನವನ ಬೆನ್ನಿಗೆ ಹೊಡೆಯುವ ಪ್ಲಾಸ್ಮಾ, ಹಿಂದಿನವನಿಗೆ ಇಡುವ ನೆಲಬಾಂಬು, ನೆಗೆಯಲು ಜೆಟ್, ದಿಢೀರನೆ ಮುನ್ನುಗ್ಗಲು ನೈಟ್ರೊ. ಇವನ್ನು ಮನಸ್ಸು ಬಂದಷ್ಟು ಸಲ ಬಳಸುವಂತಿಲ್ಲ. ಒಂದು ಸುತ್ತಿಗೆ ಇಷ್ಟು ಎಂದು ಲೆಕ್ಕ, ಸುತ್ತು ಮುಗಿದಾಗ ಮತ್ತೆ ಭರ್ತಿ. ಹಾಗಾಗಿ ಸುತ್ತಿನ ಕೊನೆಯಲ್ಲಿ ಗುಂಡು ಉಳಿಸಿಕೊಂಡವನು ಜಿಪುಣ, ಶುರುವಿನಲ್ಲೇ ಸುರಿದವನು ದಡ್ಡ. ಅಂಕ ಸಾಲದಿದ್ದರೆ ಮುಂದಿನ ಗ್ರಹಕ್ಕೆ ಟಿಕೆಟ್ ಇಲ್ಲ. 'ಡರ್ಟ್ ಡೆವಿಲ್'ನಂಥ ಅಗ್ಗದ ಗಾಡಿಗೆ ಇದ್ದದ್ದನ್ನೆಲ್ಲ ಸುರಿದು ಸಿಂಗರಿಸಿದವನು ಮುಂದೆ ಒಳ್ಳೆಯ ಗಾಡಿ ಕೊಳ್ಳಲು ಕಾಸಿಲ್ಲದೆ ಪರದಾಡುತ್ತಾನೆ. ಕೆಮ್ ಸಿಕ್ಸ್ ಎಂಬ ಮೊದಲ ಗ್ರಹದಿಂದ ಇನ್ಫರ್ನೊ ಎಂಬ ಬೆಂಕಿಯ ಗ್ರಹದವರೆಗೂ ಇದೇ ಜಮಾ-ಖರ್ಚು.

ಡ್ರೈವರುಗಳಲ್ಲಿ ಭೂಮಿಯವನು ಒಬ್ಬನೇ, ಸ್ನೇಕ್ ಸ್ಯಾಂಡರ್ಸ್. ಮಿಕ್ಕವರು ಬೇರೆ ಬೇರೆ ಲೋಕದವರು. ಅದೇ ಕಂಪನಿಯ 'ದ ಲಾಸ್ಟ್ ವೈಕಿಂಗ್ಸ್' ಆಟದ ಓಲಾಫ್ ಎಂಬ ಡೊಳ್ಳುಹೊಟ್ಟೆಯವನನ್ನೂ ಕಳ್ಳ ಬಾಗಿಲಿನಿಂದ ಒಳಗೆ ಸೇರಿಸಿದ್ದಾರೆ.

ಹೆಸರು ಬಂದದ್ದು ಕೊನೆಗೆ. ಆಟ 'ಆರ್‌ಪಿಎಂ'ನ ಎರಡನೇ ಭಾಗವೆಂದೇ ತಯಾರಾಗುತ್ತಿತ್ತು. ಅಷ್ಟರಲ್ಲಿ ಇಂಟರ್‌ಪ್ಲೇ ಕಡೆಯವರು ನಾಲ್ಕಾರು ಜನಪ್ರಿಯ ರಾಕ್ ಹಾಡುಗಳ ಹಕ್ಕು ಹಿಡಿದುಕೊಂಡು ಬಂದರು. ಡೀಪ್ ಪರ್ಪಲ್, ಬ್ಲ್ಯಾಕ್ ಸಬಾತ್, ಸ್ಟೆಪನ್‌ವುಲ್ಫ್ ಎಲ್ಲ ಇದ್ದರು. ಆದರೆ ಯಂತ್ರದ ಧ್ವನಿ ವಿಭಾಗಕ್ಕೆ ಇದ್ದ ನೆನಪು ಬರೀ 64 ಕಿಲೊಬೈಟ್. ಗಾಯಕನ ದನಿಗೆ ಅಲ್ಲಿ ಜಾಗವಿಲ್ಲ, ಸಾಹಿತ್ಯ ಬಿಟ್ಟು ರಾಗವನ್ನಷ್ಟೇ ಎಂಟು ಎಳೆಗಳಲ್ಲಿ ನುಡಿಸಬೇಕು. ಜೊತೆಗೆ ಮೋಟರ್ ಸೈಕಲ್ ರೇಸುಗಳ ವೀಕ್ಷಕ ವಿವರಣೆಗೆ ಹೆಸರಾಗಿದ್ದ ಲ್ಯಾರಿ ಹಫ್‌ಮನ್ ಅವರ ಗಂಟಲು. ಯಾರು ಮುಂದೆ ಹೋದರು, ಯಾರ ಗಾಡಿ ಸುಟ್ಟುಹೋಗುವ ಹಂತಕ್ಕೆ ಬಂತು ಎಂದು ಅವರು ಕೂಗುವುದನ್ನು ಕೇಳಿದರೆ ಇಂಗ್ಲಿಷ್ ಬಾರದವರಿಗೂ ಅರ್ಥವಾಗುತ್ತದೆ.

ಗೊರೂರು, ಹಾಸನದ ಕಡೆಗೆ ಇದೆಲ್ಲ ಆ ಕಾಲಕ್ಕೆ ಬರಲಿಲ್ಲ. ನಮಗೆ 'ಟಿ.ವಿ. ಗೇಮ್' ಎಂದರೆ ನಿಂಟೆಂಡೊದ ಹಿಂದಿನ ತಲೆಮಾರಿನ ಯಂತ್ರದ ನಕಲು. ಬೆಂಗಳೂರಿಗೆ ಹೋದ ಮಾವನೋ ಚಿಕ್ಕಪ್ಪನೋ ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಿಂದ ತಂದುಕೊಡಬೇಕಿದ್ದ ಸಾಮಾನು. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಒತ್ತಿದರೆ ಮಾರಿಯೊ, ಕಾಂಟ್ರಾ, ಇಲ್ಲವೇ ಕೊನಾಮಿಯ 'ರೋಡ್ ಫೈಟರ್'. ಅದರಲ್ಲಿ ಕಾರು ಮಾತ್ರ ಇತ್ತು, ಗುಂಡು ಇರಲಿಲ್ಲ. "ಲೋ, ನಂಗೊಂದ್ ಚಾನ್ಸ್ ಕೊಡೋ" ಎನ್ನುವಷ್ಟರಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿಂದ. 'ರಾಕ್ ಎನ್ ರೋಲ್'ನಲ್ಲಾದರೆ ಒಂದು ಪಾಸ್‌ವರ್ಡ್ ಕೊಡುತ್ತಿದ್ದರು. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಗಳಿಸಿದ್ದು ಕೈಬಿಡದು. ನಮ್ಮಲ್ಲಿ ಬಹಳ ಮಂದಿ ಈ ಆಟ ಆಡಿದ್ದು ವರ್ಷಗಳ ನಂತರ, ಕಂಪ್ಯೂಟರಿನಲ್ಲಿ ಹಳೆಯ ಯಂತ್ರದ ವೇಷ ಹಾಕುವ ಎಮ್ಯುಲೇಟರ್ ತಂತ್ರಾಂಶ ಹಾಕಿಕೊಂಡು.

ಆ ಪುಟ್ಟ ಕಂಪನಿ 1994ರಲ್ಲಿ ಬ್ಲಿಝಾರ್ಡ್ ಎಂದು ಹೆಸರು ಬದಲಿಸಿಕೊಂಡು 'ವಾರ್‌ಕ್ರಾಫ್ಟ್' ಮಾಡಿತು. ಮುಂದಿನದು ಎಲ್ಲರಿಗೂ ಗೊತ್ತು. ಕರ್ನಾಟಕದಲ್ಲಿ ಈ ಕಸುಬು ಶುರುವಾದದ್ದೂ ಬಹಳ ತಡವಾಗಿಯೇನಲ್ಲ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆ್ಯಕ್ಟಿವ್ ತೆರೆದರು. ಮೈಕ್ರೊಸಾಫ್ಟ್‌ನ 'ಫೋರ್ಝಾ' ರೇಸ್ ಆಟಗಳಿಗೆ ಅಲ್ಲಿನ ಕಲಾವಿದರು ಕೆಲಸ ಮಾಡಿದ್ದಾರೆ. 2019ರಲ್ಲಿ ಧ್ರುವವನ್ನು ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿ ಕೊಂಡಿತು. ಉಡುಪಿಯ 99ಗೇಮ್ಸ್ 2013ರಲ್ಲಿ 'ಧೂಮ್ 3' ಸಿನಿಮಾಕ್ಕೆ ಬೈಕ್ ಓಡಿಸುವ ಮೊಬೈಲ್ ಆಟ ಮಾಡಿ ಕೋಟಿ ದಾಟಿದ ಡೌನ್‌ಲೋಡ್ ಕಂಡಿತು. ಬ್ಲಿಝಾರ್ಡ್ ಕೂಡ 2023ರಿಂದ ಮೈಕ್ರೊಸಾಫ್ಟ್ ಮನೆಯದೇ.

ಈಗ ಆಡಿ ನೋಡುವ ಮನಸ್ಸಾದವರಿಗೆ 2021ರಲ್ಲಿ ಬಂದ 'ಬ್ಲಿಝಾರ್ಡ್ ಆರ್ಕೇಡ್ ಕಲೆಕ್ಷನ್' ಇದೆ. ಹಳೆಯ ರೂಪವೂ ಉಂಟು, ನಾಲ್ವರು ಒಟ್ಟಿಗೆ ಆಡುವ ಹೊಸ ರೂಪವೂ ಉಂಟು. ಹೊಸತರಲ್ಲಿ ಎಲ್ಲಿ ಬೇಕಾದರೂ ಆಟ ಉಳಿಸಿಕೊಳ್ಳಬಹುದು, ಪಾಸ್‌ವರ್ಡ್ ಬರೆದುಕೊಳ್ಳುವ ಗೋಜಿಲ್ಲ. ನನ್ನ ಸಲಹೆ ಇಷ್ಟೇ: ಮೊದಲ ದುಡ್ಡಿನಲ್ಲಿ ಕ್ಷಿಪಣಿ ಕೊಳ್ಳಬೇಡಿ, ಟೈರು ಹಾಕಿಸಿ.