ನಿಮಗಿದು ಗೊತ್ತೇ? ಕಡಲಿಲ್ಲದ ಸಂಡೂರಿನ ಕಡಲ ನಂಟು

ಕಬ್ಬಿಣದ ಅದಿರಿಗೆ ಹೆಸರಾದ ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳು ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದವು, ಗೊತ್ತೇ? ಸುಮಾರು 270 ಕೋಟಿ ವರ್ಷಗಳ ಹಿಂದಿನ ಮಾತು. ಆಗಿನ ಕಡಲ ನೀರಿನಲ್ಲಿ ಕಬ್ಬಿಣ ಕರಗಿತ್ತು. ಬಿಸಿಲನ್ನೇ ನಂಬಿ ಬದುಕುತ್ತಿದ್ದ ಸೂಕ್ಷ್ಮಜೀವಿಗಳು ಬಿಟ್ಟ ಆಮ್ಲಜನಕ ತಗುಲಿ ಆ ಕಬ್ಬಿಣ ತಳಕ್ಕಿಳಿದು ಕೂತಿತು ಎನ್ನುವುದು ಭೂವಿಜ್ಞಾನಿಗಳ ವಿವರಣೆ. ಸಿಲಿಕಾದ ಒಂದು ಪದರ, ಕಬ್ಬಿಣದ ಒಂದು ಪದರ, ಹೀಗೆ ಲಕ್ಷಾಂತರ ವರ್ಷ ಕಟ್ಟಿದ್ದು. ಮುಂದೆ ನೆಲ ಮಡಚಿಕೊಂಡು ಆ ತಳವೇ ಗುಡ್ಡವಾಗಿ ಎದ್ದಿತು. ನೀರು ಸಿಲಿಕಾವನ್ನು ಕರಗಿಸಿ ಒಯ್ದ ಕಡೆಯಲ್ಲೆಲ್ಲ ಸಾಂದ್ರವಾದ ಅದಿರು ಉಳಿಯಿತು. ಅಂಥ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಎಂಬ ಪದರುಗಲ್ಲುಗಳು ಇಂದಿಗೂ ಸಂಡೂರಿನ ಬಂಡೆಗಳಲ್ಲಿವೆ. ಟಿಪ್ಪರಿನಲ್ಲಿ ತುಂಬಿಹೋಗುವ ಒಂದೊಂದು ಲೋಡೂ ಆ ಹಳೆಯ ಕಡಲಿನ ಚರಿತ್ರೆಯ ಒಂದು ಪುಟ. ಹೋದರೆ ಮತ್ತೆ ಬರುವುದಿಲ್ಲ.

ಈ ಸೀಮೆಯ ಭೂರಚನೆಯನ್ನು ಕೂಲಂಕಷವಾಗಿ ದಾಖಲಿಸಿದವರು ರಾಬರ್ಟ್ ಬ್ರೂಸ್ ಫೂಟ್. ಭಾರತದ ಪ್ರಾಗಿತಿಹಾಸ ಅಧ್ಯಯನಕ್ಕೆ ಅಡಿಪಾಯ ಹಾಕಿದವರೂ ಅವರೇ. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಬಗ್ಗೆ ಅವರ ಗ್ರಂಥ ಹೊರಬಂದದ್ದು 1895ರಲ್ಲಿ.

ಸಂಡೂರು ಕಣಿವೆ ದೋಣಿಯ ಆಕಾರದ್ದು. ಎರಡು ಕಡೆ ಉದ್ದಕ್ಕೆ ಗುಡ್ಡದ ಸಾಲು, ನಡುವೆ ಊರು, ಹೊಲ, ಹಳ್ಳ. ಒಳಗೆ ಬರಲು ಹೊರಗೆ ಹೋಗಲು ನಿಸರ್ಗ ಬಿಟ್ಟ ದಾರಿ ಎಂದರೆ ಕೆಲವೇ ಗಂಡಿಗಳು. ಭೀಮಗಂಡಿ, ಓಬಳಗಂಡಿ ಎರಡನ್ನೂ ಕೊರೆದದ್ದು ನಾರಿಹಳ್ಳ. ಇಷ್ಟು ಚಿಕ್ಕ ಹಳ್ಳ ಇಷ್ಟು ಗಟ್ಟಿ ಕಲ್ಲನ್ನು ಸೀಳಿದ್ದನ್ನು ಓಬಳಗಂಡಿಯಲ್ಲಿ ನಿಂತು ನೋಡಬೇಕು. ಅದೇ ಹಳ್ಳ ಮುಂದೆ ದರೋಜಿ ಕೆರೆಗೆ ನೀರು ತರುತ್ತದೆ. ಕರಡಿಧಾಮ ಇರುವುದು ಅದೇ ದರೋಜಿಯ ಬಳಿ. ತಾರಾನಗರದ ಹತ್ತಿರ ನಾರಿಹಳ್ಳಕ್ಕೆ ಅಣೆಕಟ್ಟೂ ಇದೆ.

ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ವಿಸ್ತೀರ್ಣ ಬರೀ 161 ಚದರ ಮೈಲಿ. 1949ರ ಏಪ್ರಿಲ್ 1ರಂದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು, 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬಂತು. ಐದು ವರ್ಷದೊಳಗೆ ಇಲ್ಲಿನ ಜನ ಮೂರು ಆಡಳಿತ ಕಂಡರು.

ಗಾಂಧೀಜಿ 1934ರಲ್ಲಿ ಸಂಡೂರಿಗೆ ಬಂದಿದ್ದರು. ದಲಿತರಿಗೆ ದೇವಸ್ಥಾನದ ಬಾಗಿಲು ತೆರೆದ ಪುಟ್ಟ ಸಂಸ್ಥಾನವೆಂದು ಅವರಿಗೆ ಇದರ ಮೇಲೆ ಅಭಿಮಾನ.

ಸಂಡೂರು ಗುಡ್ಡಸಾಲಿನ ರಾಮನದುರ್ಗ 3,200 ಅಡಿಗೂ ಎತ್ತರ. ಬಳ್ಳಾರಿ ದಂಡಿನ ಬ್ರಿಟಿಷ್ ಸೈನಿಕರು ಕಾಯಿಲೆ ಬಿದ್ದರೆ ಚೇತರಿಸಿಕೊಳ್ಳಲು ಅಲ್ಲಿಗೆ ಹೋಗುತ್ತಿದ್ದರು.

ಇನ್ನು ಚೋರನೂರು. ತಾಲ್ಲೂಕಿಗೆ ಸಂಡೂರು, ತೋರಣಗಲ್ಲು, ಚೋರನೂರು ಎಂದು ಮೂರು ಹೋಬಳಿ. ಅದಿರಿನ ಸುದ್ದಿಯಲ್ಲಿ ಸಂಡೂರಿನ ಹೆಸರು, ಉಕ್ಕಿನ ಸುದ್ದಿಯಲ್ಲಿ ತೋರಣಗಲ್ಲಿನ ಹೆಸರು ಬರುತ್ತದೆ. ದಕ್ಷಿಣದ ಅಂಚಿನ ಚೋರನೂರಿನ ಹೆಸರು ಬರುವುದು ಮಳೆ ಕೈಕೊಟ್ಟಾಗ. ಇಲ್ಲಿನದು ಬಹುಪಾಲು ಮಳೆಯಾಶ್ರಿತ ಬೇಸಾಯ: ಮೆಕ್ಕೆಜೋಳ, ಶೇಂಗಾ, ಜೋಳ. ಮುಂಗಾರು ತಪ್ಪಿದ ವರ್ಷ ಲಂಬಾಣಿ ತಾಂಡಾಗಳ ಜನ ಗಂಟುಮೂಟೆ ಕಟ್ಟಿ ಕಬ್ಬು ಕಡಿಯಲು ಹೊರಡುತ್ತಾರೆ. ದೇಶದ ಅತಿ ಶ್ರೀಮಂತ ಖನಿಜ ತಾಲ್ಲೂಕುಗಳಲ್ಲಿ ಒಂದಾದ ಇಲ್ಲಿ ಇದು ನಡೆಯುತ್ತಿದೆ ಎಂಬುದನ್ನು ನಾವು ಸಹಜವೆಂದು ಒಪ್ಪಿಕೊಳ್ಳಬಾರದು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಪಕ್ಕದ ಕೂಡ್ಲಿಗಿ ಅದಕ್ಕೆ ಹೋಯಿತು, ಸಂಡೂರು ತಾಲ್ಲೂಕು ಬಳ್ಳಾರಿಯಲ್ಲೇ ಉಳಿಯಿತು. ಹಾಗಾಗಿ ಚೋರನೂರು ಈಗ ತಾಲ್ಲೂಕಿನ ಅಂಚಷ್ಟೇ ಅಲ್ಲ, ಜಿಲ್ಲೆಯ ಅಂಚೂ ಹೌದು. ಹುಲಿಕುಂಟೇರಾಯನ ಗುಡಿಯ ಬೊಮ್ಮಘಟ್ಟ ಇರುವುದೂ ಈ ಸೀಮೆಯಲ್ಲೇ.

ಹೊಸಪೇಟೆಯಿಂದ ಹೊರಟ ರೈಲು ಹಳಿ ಗುಂಡಾ ರೋಡ್ ನಿಲ್ದಾಣದಲ್ಲಿ ಕವಲೊಡೆಯುತ್ತದೆ. ಒಂದು ಕವಲು ಕೊಟ್ಟೂರಿಗೆ, ಇನ್ನೊಂದು ಯಶವಂತನಗರದ ಮೇಲೆ ಸ್ವಾಮಿಹಳ್ಳಿಗೆ. ಎರಡನೆಯ ಕವಲು ಬದುಕಿರುವುದು ಅದಿರಿನಿಂದ.

ಸಂಡೂರಿನ ಗುಡ್ಡಗಳಲ್ಲಿ ಊರ ಕಮ್ಮಾರರೇ ಅದಿರು ಕರಗಿಸುತ್ತಿದ್ದ ಕಾಲವಿತ್ತು. ಇಂಗ್ಲೆಂಡಿನಿಂದ ಹಡಗಿನಲ್ಲಿ ಅಗ್ಗದ ಕಬ್ಬಿಣ ಬಂದಿಳಿದ ಮೇಲೆ ಆ ಕುಲುಮೆಗಳು ಆರಿದವು. ಕಾಣದ ಕಡಲು ಇಲ್ಲಿನವರ ಅನ್ನಕ್ಕೆ ಕೈಹಾಕಿದ್ದು ಹಾಗೆ. 20ನೇ ಶತಮಾನದಲ್ಲಿ ಮ್ಯಾಂಗನೀಸು, ಆಮೇಲೆ ಕಬ್ಬಿಣದ ಅದಿರು ಬಂದರು ಸೇರತೊಡಗಿದವು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿ ಶುರುವಾಯಿತು. ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿಯ ದೋಣಿಮಲೈ ಗಣಿ 1977ರಲ್ಲಿ ಕೆಲಸ ಆರಂಭಿಸಿತು.

2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾದ ಉಕ್ಕಿನ ಹಸಿವು ಏರಿದಾಗ ಸಂಡೂರಿನ ರಸ್ತೆಗಳು ಹಗಲೂ ರಾತ್ರಿ ಲಾರಿಗಳವಾದವು. ಶೇಂಗಾ, ಹತ್ತಿ ಬೆಳೆಗಳ ಮೇಲೆ ಕೆಂಧೂಳು ಕೂತಿತು, ಹಳ್ಳದ ನೀರು ಕೆಂಪಾಯಿತು. ಕೆಲವರು ಹೊಲವನ್ನೇ ಅದಿರು ರಾಶಿ ಹಾಕಲು ಬಾಡಿಗೆಗೆ ಕೊಟ್ಟರು. 2010ರಲ್ಲಿ ಉತ್ತರ ಕನ್ನಡದ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರೇ ಕಾಣೆಯಾಯಿತು! 2011ರ ಜುಲೈ 27ರಂದು ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ಬಗ್ಗೆ ವರದಿ ಕೊಟ್ಟರು. ಎರಡು ದಿನ ಕಳೆದು ಬಳ್ಳಾರಿಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. 2013ರಲ್ಲಿ ಅಕ್ರಮ ಹೆಚ್ಚಿದ್ದ ‘ಸಿ’ ವರ್ಗದ 51 ಗುತ್ತಿಗೆಗಳು ರದ್ದಾದವು. ವರ್ಷಕ್ಕೆ ಇಷ್ಟೇ ಅಗೆಯಬೇಕೆಂಬ ಮಿತಿಯೂ ಬಂತು. ಲಾರಿ ಸಾಲ ಮಾಡಿದ್ದ ಹುಡುಗರ ಪಾಡು ಮಾತ್ರ ಯಾವ ವರದಿಗೂ ಸರಿಯಾಗಿ ಸಿಗಲಿಲ್ಲ.

ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿ ಶಂಕುಸ್ಥಾಪನೆ ಮಾಡಿದ್ದು 1971ರಲ್ಲಿ. ಉಕ್ಕು ಹರಿದದ್ದು ಎರಡು ದಶಕ ದಾಟಿದ ಮೇಲೆ, ಜಿಂದಾಲ್ ಕೈಯಲ್ಲಿ. ಗಣಿಯಿಂದ ಕಾರ್ಖಾನೆಗೆ ಈಗ ಸುಮಾರು 24 ಕಿ.ಮೀ. ಉದ್ದದ ಪೈಪ್ ಕನ್ವೇಯರ್ ಇದೆ. ಅದಿರು ಮನೆಯದು, ಕಲ್ಲಿದ್ದಲು ಮಾತ್ರ ಹೊರಗಿನದು: ಹಡಗಿನಲ್ಲಿ ಗೋವಾದ ಮರ್ಮಗೋವಾದಂಥ ಬಂದರುಗಳಿಗೆ ಬಂದು, ರೈಲೇರಿ ಇಲ್ಲಿಗೆ ತಲುಪುತ್ತದೆ. ಭಾರತದ ಉಕ್ಕಿನ ಕಂಪನಿಗಳು ಆಸ್ಟ್ರೇಲಿಯಾದಿಂದ ತರಿಸುತ್ತವೆ, ಈಚೆಗೆ ರಷ್ಯಾದಿಂದಲೂ.

ರಷ್ಯಾ ಎಂದಾಗ ನೆನಪಾಗುವುದು ಅದರ ಪೂರ್ವ ತುದಿಯ ವನಿನೊ ಬಂದರು. ಬೈಕಲ್–ಅಮೂರ್ ರೈಲು ಮಾರ್ಗ ಕಡಲನ್ನು ಮುಟ್ಟುವುದು ಆ ಸೀಮೆಯಲ್ಲಿ. ಒಳನಾಡಿನ ಕಲ್ಲಿದ್ದಲು ಅಲ್ಲಿ ಹಡಗಿಗೆ ತುಂಬುತ್ತದೆ, ಅದರ ಧೂಳು ಅಲ್ಲಿನ ಜನರ ದೊಡ್ಡ ದೂರು. ಅವರಿಗೆ ಕಪ್ಪು ಧೂಳು, ಸಂಡೂರಿಗೆ ಕೆಂಪು ಧೂಳು.

ಇತ್ತ ನಮ್ಮ ಕರಾವಳಿಗೂ ಸಂಡೂರಿನ ಅದಿರು ಬೇಕು. ಕುದುರೆಮುಖದ ಗಣಿ 2005ರ ಕೊನೆಗೆ ನಿಂತ ಮೇಲೆ, ಅದನ್ನು ನಡೆಸುತ್ತಿದ್ದ ಸರ್ಕಾರಿ ಕಂಪನಿ ಕೆಐಒಸಿಎಲ್‌ನ ಮಂಗಳೂರು ಕಡಲತಡಿಯ ಪೆಲೆಟ್ (ಅದಿರಿನ ಉಂಡೆ) ಘಟಕಕ್ಕೆ ಸ್ವಂತ ಅದಿರಿಲ್ಲ. ಅದು ಕಣ್ಣಿಟ್ಟದ್ದು ಸಂಡೂರಿನ ದೇವದಾರಿ ಗುಡ್ಡಸಾಲಿನ ಸುಮಾರು 401 ಹೆಕ್ಟೇರ್ ಕಾಡಿನ ಮೇಲೆ. ಸುಮಾರು 99 ಸಾವಿರ ಮರಗಳ ಲೆಕ್ಕ 2024ರಲ್ಲಿ ರಾಜ್ಯದಲ್ಲೆಲ್ಲ ಚರ್ಚೆಯಾಯಿತು. ಆ ಕಾಡು ಉಳಿಯಲೇಬೇಕು ಎಂಬುದು ಈ ಅಂಕಣಕಾರನ ಅಭಿಪ್ರಾಯ. ಬಳ್ಳಾರಿಯ ಬಯಲಿಗಿಂತ ಸಂಡೂರಿಗೆ ಮಳೆ ಹೆಚ್ಚು ಬೀಳುವುದು ಈ ಗುಡ್ಡಗಳಿರುವುದರಿಂದ.

ಸಂಡೂರಿನಿಂದ ಹೊರದೇಶಕ್ಕೆ ಹೋಗುವುದೆಲ್ಲ ಅದಿರಲ್ಲ. ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ವೇಳೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಹೊಲಿದ 1,755 ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಎಷ್ಟು ಹೊಲಿದರೂ ಬರಿದಾಗದ ಸಂಪತ್ತು ಇದು.

ಗಣಿಯಿಂದ ಕೆಟ್ಟ ಊರುಗಳ ಪುನಶ್ಚೇತನಕ್ಕೆ ಸುಮಾರು 24,996 ಕೋಟಿ ರೂಪಾಯಿಯ ಯೋಜನೆಗೆ ಸುಪ್ರೀಂ ಕೋರ್ಟ್ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಇದು ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ. ಅದಲ್ಲದೆ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ: ಹಳೆಯ ಗಣಿಗಳು ರಾಜಧನದ ಮೇಲೆ ಶೇ 30, ಹರಾಜಾದ ಹೊಸ ಗಣಿಗಳು ಶೇ 10 ಅದಕ್ಕೆ ಕಟ್ಟಬೇಕು. 2024ರ ನಿಯಮದಂತೆ ಗಣಿಯಿಂದ 15 ಕಿ.ಮೀ. ಒಳಗಿನ ಊರು ನೇರ ಬಾಧಿತ, 25 ಕಿ.ಮೀ. ಒಳಗಿನದು ಪರೋಕ್ಷ ಬಾಧಿತ. ಶೇ 70ರಷ್ಟು ಹಣ ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಬಾಬ್ತುಗಳಿಗೇ ಹೋಗಬೇಕು. ಚೋರನೂರು ಹೋಬಳಿಯ ಓದುಗರು ತಮ್ಮ ಊರು ಯಾವ ಪಟ್ಟಿಯಲ್ಲಿದೆ ಎಂದು ಪಂಚಾಯಿತಿಯಲ್ಲಿ ಕೇಳಲಿ. ಪ್ರತಿಷ್ಠಾನ ತನ್ನ ವಾರ್ಷಿಕ ವರದಿಯನ್ನು ವೆಬ್‌ಸೈಟಿನಲ್ಲಿ ಪ್ರಕಟಿಸಬೇಕೆಂಬ ನಿಯಮವೂ ಇದೆ.